ಎರಡೆಕರೆ ಇಪ್ಪತ್ತು ಗುಂಟೆಯ ಸೊನ್ನೆ

— ಒಂದು ಶೀಟಿನಿಂದ ಇನ್ನೊಂದು ಶೀಟಿಗೆ ನಾಲ್ಕು ಕಾಲಂ ಕಾಪಿ ಮಾಡಿ ಅಂಟಿಸೋದಕ್ಕೆ ಇಷ್ಟೊಂದು ಮಾತು ಬೇಕೇನಮ್ಮ? ಅಂಕಿ ಬಂದರೆ ಸಾಕು. ಗೆರೆ, ಬಣ್ಣ, ದಪ್ಪಕ್ಷರ ಎಲ್ಲ ಮೇಲಿನ ಸಿಂಗಾರ. ಹೋದರೆ ಹೋಗಲಿ, ಬೇಕಾದವರು ಮತ್ತೆ ಹಾಕಿಕೊಳ್ಳಲಿ. ಕಂಪ್ಯೂಟರ್ ಕಲಿಸೋರೂ ಅದನ್ನೇ ಹೇಳ್ತಾರೆ: ಪೇಸ್ಟ್ ಸ್ಪೆಷಲ್‌ಗೆ ಹೋಗು, ವ್ಯಾಲ್ಯೂಸ್ ಒತ್ತು, ಮುಗೀತು.

— ಅಂಕಿ ಬಂದರೆ ಸಾಕು ಅನ್ನುವುದು ನನಗೂ ಒಪ್ಪಿಗೆ, ಮೇಷ್ಟ್ರೇ. ಅಂಕಿ ನಿಜವಾಗಿ ಬಂತೇ ಅನ್ನುವುದು ಮಾತ್ರ ನನ್ನ ಪ್ರಶ್ನೆ. ಮಳವಳ್ಳಿ ಕಡೆಯ ಒಂದು ಹಿಡುವಳಿ 2 ಎಕರೆ 20 ಗುಂಟೆ ಇದೆ ಅಂದುಕೊಳ್ಳಿ. ಶೀಟಿನಲ್ಲಿ ಅದನ್ನು 2.20 ಎಂದು ಹೊಡೆಯುವವರೇ ಹೆಚ್ಚು. ಬರೆದವರ ಮನಸ್ಸಿನಲ್ಲಿ ಚುಕ್ಕಿಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ಎಕ್ಸೆಲ್‌ಗೆ ಎಕರೆಯೂ ಗೊತ್ತಿಲ್ಲ, ಗುಂಟೆಯೂ ಗೊತ್ತಿಲ್ಲ; ಅದರ ಪಾಲಿಗೆ ಇದೊಂದು ದಶಮಾಂಶ ಸಂಖ್ಯೆ, ಕೊನೆಯ ಸೊನ್ನೆಗೆ ಬೆಲೆಯಿಲ್ಲ. ಆ ಸೊನ್ನೆ ನಮಗೆ ಕಾಣುತ್ತಿರುವುದು ಯಾರೋ ಆ ಕಾಲಮ್ಮಿಗೆ ಎರಡು ದಶಮಾಂಶ ಸ್ಥಾನ ತೋರಿಸು ಎಂದು ಫಾರ್ಮ್ಯಾಟ್ ಕೊಟ್ಟಿರುವುದರಿಂದ. ಈಗ ನೀವು ಹೇಳಿದ ಹಾಗೆ ವ್ಯಾಲ್ಯೂಸ್ ಮಾತ್ರ ಅಂಟಿಸಿ. ಹೊಸ ಶೀಟಿನಲ್ಲಿ 2.2 ಎಂದು ಬರುತ್ತದೆ. ಅದನ್ನು ಓದಿದವರು 2 ಎಕರೆ 2 ಗುಂಟೆ ಎಂದು ಓದಿದರೆ ತಪ್ಪು ಯಾರದು? ಗುಂಟೆಗೆ 1089 ಚದರಡಿ. 18 ಗುಂಟೆ ಅಂದರೆ 19,602 ಚದರಡಿ. ನಾಲೆ ನೀರು ಹರಿಯುವ ಬಯಲಿನಲ್ಲಿ ಇಷ್ಟು ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದಾರೆ. ಇಲ್ಲಿ ಹೋದದ್ದು ಸಿಂಗಾರ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

— ಅದು ಕಾಪಿ ಮಾಡಿದವನ ತಪ್ಪಲ್ಲವಲ್ಲ. ಎಕರೆ-ಗುಂಟೆಯನ್ನ ದಶಮಾಂಶದ ಹಾಗೆ ಬರೆದವನ ತಪ್ಪು.

— ಸರಿಯಾಗಿ ಹೇಳಿದಿರಿ, ನಾನು ಹೋಗಬೇಕೆಂದಿರುವುದೂ ಅಲ್ಲಿಗೇ. ಬರೆದವರು ಅರ್ಥದ ಒಂದು ಭಾಗವನ್ನು ಸೆಲ್ಲಿನ ಒಳಗಿಡದೆ ಅದರ ತೋರಿಕೆಯಲ್ಲಿಟ್ಟರು. ಆ ಶೀಟು ಅವರ ಕಂಪ್ಯೂಟರಿನಲ್ಲೇ ಇದ್ದಷ್ಟು ದಿನ ಯಾರಿಗೂ ತೊಂದರೆಯಿಲ್ಲ. ಕಾಪಿ ಮಾಡುವ ಗಳಿಗೆಯಲ್ಲಿ ಅದು ಬಯಲಾಗುತ್ತದೆ. ಕೂಡಿಸಿದಾಗಲೂ ಬಯಲಾಗುತ್ತದೆ: 2.20ಕ್ಕೆ 1.30 ಸೇರಿಸಿದರೆ ಎಕ್ಸೆಲ್ 3.50 ಅನ್ನುತ್ತದೆ. ನಮ್ಮ ಲೆಕ್ಕದಲ್ಲಿ 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು 4 ಎಕರೆ 10 ಗುಂಟೆ. ಫಾರ್ಮ್ಯಾಟನ್ನು ಎಷ್ಟೇ ಜೋಪಾನವಾಗಿ ಕಾಪಾಡಿ ಒಯ್ದರೂ ಈ ಎರಡನೆಯ ತಪ್ಪು ತಪ್ಪುವುದಿಲ್ಲ. ಆದ್ದರಿಂದ 'ಫಾರ್ಮ್ಯಾಟ್ ಉಳಿಸಿಕೊಳ್ಳುವುದು ಹೇಗೆ' ಎಂದು ಕೇಳುವವರಿಗೆ ಯಾವ ಗುಂಡಿ ಒತ್ತಬೇಕು ಎಂದಷ್ಟೇ ಹೇಳಿ ಕಳಿಸಿದರೆ ಅರ್ಧ ಉತ್ತರ ಕೊಟ್ಟ ಹಾಗೆ. ಈ ಫಾರ್ಮ್ಯಾಟ್ ಏನನ್ನು ಹೊತ್ತಿದೆ ಎಂದು ಮೊದಲು ನೋಡಬೇಕು. ಏನನ್ನೂ ಹೊತ್ತಿಲ್ಲದಿದ್ದರೆ ಬಿಟ್ಟುಬಿಡಬಹುದು. ಅರ್ಥವನ್ನು ಹೊತ್ತಿದ್ದರೆ, ಕಾಪಿ ಮಾಡುವ ಮೊದಲೇ ಆ ಅರ್ಥವನ್ನು ಸೆಲ್ಲಿನ ಒಳಕ್ಕೆ ಇಳಿಸಬೇಕು. ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ. ಆಮೇಲೆ ಅದು ಎಲ್ಲಿಗೆ ಹೋದರೂ 20, 20 ಆಗಿಯೇ ಇರುತ್ತದೆ.

— ಹಾಗಾದರೆ ಕಬ್ಬಿನ ತೂಕದ ಪಟ್ಟಿಯಲ್ಲೂ ಟನ್ನಿಗೊಂದು ಕಾಲಂ, ಕೆ.ಜಿ.ಗೊಂದು ಕಾಲಂ ಮಾಡ್ತೀಯಾ? ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ, ಅಲ್ಲಿ ಕಬ್ಬು ತೂಗಿದವರು ಯಾರೂ ಹಾಗೆ ಒದ್ದಾಡಲಿಲ್ಲ.

— ಅಲ್ಲಿ ಬೇಕಾಗಿಲ್ಲ. 18.460 ಟನ್ ಎಂದು ಬರೆದದ್ದು 18.46 ಆಗಿ ಬಂದರೂ ಅದು ಅಷ್ಟೇ ಕಬ್ಬು. ಟನ್ನು ಸಾವಿರದ ಲೆಕ್ಕದ್ದು, ದಶಮಾಂಶಕ್ಕೆ ಸರಿಯಾಗಿ ಕೂರುತ್ತದೆ. ಗುಂಟೆ ನಲವತ್ತರ ಲೆಕ್ಕದ್ದು, ಕೂರುವುದಿಲ್ಲ. ಬಿದ್ದುಹೋದದ್ದು ಎರಡು ಕಡೆಯೂ ಸೊನ್ನೆಯೇ, ಆದರೂ ತೂಕದ ಪಟ್ಟಿಯಲ್ಲಿ ನಷ್ಟವಿಲ್ಲ, ಪಹಣಿಯ ಪಟ್ಟಿಯಲ್ಲಿ 18 ಗುಂಟೆ ಹೋಗುತ್ತದೆ. ಯಾವ ತೋರಿಕೆ ಅರ್ಥವನ್ನು ಹೊತ್ತಿದೆ ಎಂದು ಎಕ್ಸೆಲ್ ಹೇಳಲಾರದು. ಆ ವ್ಯವಹಾರ ಗೊತ್ತಿದ್ದವರೇ ಹೇಳಬೇಕು. ಈ ಕೆಲಸವನ್ನು ಬೆರಳಚ್ಚು ಬಲ್ಲವರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಅದಕ್ಕೇ ಸರಿಯಲ್ಲ.

— ಸರಿ, ವಿಸ್ತೀರ್ಣದ ಮಾತು ಒಪ್ಪಿದೆ ಅನ್ನು. ಒಂದು ಉದಾಹರಣೆ ಹಿಡಿದುಕೊಂಡು ಇಡೀ ಶೀಟನ್ನೇ ಅನುಮಾನಿಸಬೇಕಾ?

— ಪಕ್ಕದ ಕಾಲಮ್ಮಿಗೆ ಬನ್ನಿ, ಸರ್ವೆ ನಂಬರು. ನಮ್ಮಲ್ಲಿ ಸರ್ವೆ ನಂಬರು, ಅಡ್ಡಗೆರೆ, ಹಿಸ್ಸಾ ನಂಬರು ಹೀಗೆ ಬರೆಯುವ ರೂಢಿ: 12/3. ಮಂಡ್ಯ, ಮದ್ದೂರು, ಮಳವಳ್ಳಿಯ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಅಚ್ಚುಕಟ್ಟಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಜಮೀನು ಭಾಗವಾಗುತ್ತ ಬಂದಿದೆ, ಹಿಸ್ಸಾ ಇಲ್ಲದ ಸರ್ವೆ ನಂಬರು ಹುಡುಕಬೇಕು. ಈ 12/3 ಅನ್ನು ಸಾಮಾನ್ಯ ಸೆಲ್ಲಿಗೆ ಅಂಟಿಸಿದರೆ ಎಕ್ಸೆಲ್ ಅದನ್ನು ತಾರೀಖು ಎಂದುಕೊಂಡು 12-ಮಾರ್ಚ್ ಎಂದು ತೋರಿಸುತ್ತದೆ. ತೋರಿಸುವುದಷ್ಟೇ ಅಲ್ಲ, ಒಳಗಿನದನ್ನೂ ಬದಲಾಯಿಸುತ್ತದೆ. 2024ರಲ್ಲಿ ಮಾಡಿದ ಕೆಲಸವಾದರೆ ಸೆಲ್ಲಿನ ಒಳಗೆ ಈಗ ಇರುವುದು 45363, ಅಂದರೆ 1900ರ ಜನವರಿ 1ನ್ನು 1 ಎಂದು ಹಿಡಿದು ಎಣಿಸುವ ಅದರ ದಿನಗಣನೆ. ಅಲ್ಲಿಂದ ಇನ್ನೊಂದು ಕಡೆಗೆ ವ್ಯಾಲ್ಯೂಸ್ ಮಾತ್ರ ಒಯ್ದರೆ ರೈತರ ಸರ್ವೆ ನಂಬರು 45363 ಆಗಿ ಕೂತಿರುತ್ತದೆ.

— ಅಂಥದ್ದು ಕಣ್ಣಿಗೆ ಹೊಡೆದು ಕಾಣುತ್ತದಲ್ಲ! ನಲವತ್ತೈದು ಸಾವಿರದ ಸರ್ವೆ ನಂಬರು ಯಾವ ಗ್ರಾಮದಲ್ಲಿದೆ? ನೋಡಿದವನು ತಿದ್ದುತ್ತಾನೆ.

— ಎಲ್ಲ ಸಾಲೂ ಒಂದೇ ರೀತಿ ಕೆಟ್ಟಿದ್ದರೆ ನೀವು ಹೇಳಿದ ಹಾಗೆ ಕಾಣುತ್ತಿತ್ತು. ಇದು ಹಾಗೆ ಕೆಡುವುದಿಲ್ಲ. 112/3 ತಾರೀಖಾಗಲು ಸಾಧ್ಯವಿಲ್ಲ, ಆದ್ದರಿಂದ ಹಾಗೇ ಉಳಿಯುತ್ತದೆ. 12/3ಬಿ ಎಂದು ಅಕ್ಷರ ಸೇರಿದ್ದರೂ ಉಳಿಯುತ್ತದೆ. 3/45 ಅನ್ನು ಅದು 1945ರ ಮಾರ್ಚ್ ಎಂದು ಓದಬಹುದು. 500 ಸಾಲಿನ ಪಟ್ಟಿಯ ಮೊದಲ ಪುಟದಲ್ಲಿ ದೊಡ್ಡ ನಂಬರುಗಳೇ ಇದ್ದರೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ಇನ್ನು ತಿದ್ದುವ ಮಾತು. ಕಂಪ್ಯೂಟರು ಭಾರತದ ಪದ್ಧತಿಯಲ್ಲಿದ್ದರೆ 12/3 ಮಾರ್ಚ್ 12. ಅಮೆರಿಕದ ಪದ್ಧತಿಯಲ್ಲೇ ಬಿಟ್ಟಿದ್ದರೆ ಡಿಸೆಂಬರ್ 3. ಶೀಟು ಕೈಗೆ ಬಂದವರಿಗೆ ಮೊದಲು ಯಾವ ಕಂಪ್ಯೂಟರಿನಲ್ಲಿ ಅಂಟಿಸಿದ್ದು ಎಂದು ಗೊತ್ತಿಲ್ಲದಿದ್ದರೆ, ಮೂಲದಲ್ಲಿದ್ದದ್ದು 12/3ಓ 3/12ಓ ಎಂದು ಆ ಸೆಲ್ಲನ್ನೇ ನೋಡಿ ಹೇಳಲಾಗದು. ಎರಡೂ ನಿಜವಾದ ಜಮೀನುಗಳೇ ಆಗಿರಬಹುದು, ಇಬ್ಬರು ಬೇರೆ ಬೇರೆ ಮಾಲೀಕರದ್ದು.

— ಸರ್ಕಾರವೇ ಭೂಮಿ ಯೋಜನೆಯಲ್ಲಿ ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿಲ್ಲವೇ? ಅಲ್ಲಿ ಯಾವ ತಾರೀಖೂ ನುಗ್ಗಲಿಲ್ಲ.

— ನುಗ್ಗಲಿಲ್ಲ, ಯಾಕೆ ಎಂದು ನೋಡಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಯೋಜನೆ ಅದು. ಪಹಣಿ ನೋಡಲು ಹೋದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆಯ್ಕೆ ಮಾಡಿದ ಮೇಲೆ ಸರ್ವೆ ನಂಬರು ಒಂದು ಕಡೆ, ಸರ್ವೆ ನಂಬರಿಗೆ ಸೇರಿದ ಸರ್ನಾಕ್ ಎಂಬ ಗುರುತು ಒಂದು ಕಡೆ, ಹಿಸ್ಸಾ ಒಂದು ಕಡೆ ಕೇಳುತ್ತದೆ. ಒಂದೊಂದಕ್ಕೂ ಒಂದೊಂದು ಜಾಗ. ಅಡ್ಡಗೆರೆಯೆಂಬುದು ಮನುಷ್ಯರು ಓದುವಾಗ ಹಾಕಿಕೊಳ್ಳುವ ಗುರುತು, ದತ್ತಾಂಶದೊಳಗೆ ಅದಕ್ಕೆ ಕೆಲಸವಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದ ಹೊರಗೆ ಬಂದ ಮೇಲೆ: ಸಹಕಾರ ಸಂಘಕ್ಕೊಂದು ಪಟ್ಟಿ, ಬೆಳೆ ಪರಿಹಾರಕ್ಕೊಂದು ಪಟ್ಟಿ, ನೀರು ಬಳಕೆದಾರರಿಗೊಂದು ಪಟ್ಟಿ ಎಂದು ಯಾರ್‍ಯಾರೋ ತಮ್ಮ ತಮ್ಮ ಶೀಟಿನಲ್ಲಿ ಮೂರನ್ನೂ ಒಂದೇ ಸೆಲ್ಲಿಗೆ ತುರುಕಿ, ನಡುವೆ ಗೆರೆ ಎಳೆದಾಗ.

— ಇದು ನಮ್ಮ ಹಳ್ಳಿ ಕಡೆಯವರ ಅಜ್ಞಾನ ಅಂತೀಯಾ ಹಾಗಾದರೆ?

— ಇಲ್ಲ. ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳೂ ಇದರಲ್ಲೇ ಬಿದ್ದಿದ್ದಾರೆ. ಮನುಷ್ಯನ ಜೀನುಗಳಲ್ಲಿ ಒಂದಕ್ಕೆ ಮಾರ್ಚ್1 ಎಂಬ ಚಿಹ್ನೆ ಇತ್ತು, ಇನ್ನೊಂದಕ್ಕೆ ಸೆಪ್ಟ್1. ಶೀಟಿಗೆ ಅಂಟಿಸಿದರೆ ಎರಡೂ ತಾರೀಖು. 2016ರಲ್ಲಿ ಜೀನೋಮ್ ಬಯಾಲಜಿ ಪತ್ರಿಕೆಯಲ್ಲಿ ಬಂದ ಒಂದು ಪರಿಶೀಲನೆಯ ಪ್ರಕಾರ, ಜೀನುಗಳ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ತಪ್ಪು ಇತ್ತು. ಕೊನೆಗೆ ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು, ಆ ಹೆಸರುಗಳನ್ನು ಮಾರ್ಚ್‌ಎಫ್1, ಸೆಪ್ಟಿನ್1 ಎಂದು ಬದಲಾಯಿಸಿತು. 2020ರಲ್ಲಿ ಅದರ ನಿಯಮವೂ ಪ್ರಕಟವಾಯಿತು. ಒಂದು ತಂತ್ರಾಂಶದ ಚಾಳಿಗೆ ವಿಜ್ಞಾನದ ಹೆಸರುಗಳೇ ಬಗ್ಗಿದವು. 2023ರಲ್ಲಿ ಮೈಕ್ರೋಸಾಫ್ಟ್ ಇಂಥ ತಾನೇ ತಾನಾಗಿ ನಡೆಯುವ ಮಾರ್ಪಾಡುಗಳನ್ನು ನಿಲ್ಲಿಸುವ ಆಯ್ಕೆಯನ್ನೂ ಕೊಟ್ಟಿತು. ಆದರೆ ತಾರೀಖಿನ ವಿಚಾರದಲ್ಲಿ ಆ ಆಯ್ಕೆ ಕೆಲಸ ಮಾಡುವುದು ಅಕ್ಷರವೂ ಅಂಕಿಯೂ ಒತ್ತಾಗಿ ಅಂಟಿಕೊಂಡಿರುವ ಮಾರ್ಚ್1ರಂಥವಕ್ಕೆ. ನಡುವೆ ಗೆರೆಯಿರುವ ನಮ್ಮ 12/3ಕ್ಕೆ ಅದರಿಂದ ರಕ್ಷಣೆ ಸಿಕ್ಕುವುದಿಲ್ಲ. ಜೀನುಗಳ ಕಷ್ಟ ಕೇಳಿಸಿತು, ಹಿಸ್ಸಾದ ಕಷ್ಟವನ್ನು ಅಲ್ಲಿಗೆ ಮುಟ್ಟಿಸಿದವರು ಯಾರೂ ಇದ್ದಂತಿಲ್ಲ.

— ನಂಬರಿಗೆ ಹೊಸ ಹೆಸರಿಡುವುದು ನಮ್ಮ ಕೈಲಾಗದು. ಅಂಟಿಸುವವನು ಏನು ಮಾಡಬೇಕು, ಅದನ್ನ ಹೇಳು.

— ಅಂಟಿಸುವ ಮೊದಲು ಆ ಕಾಲಮ್ಮನ್ನು ಪೂರ್ತಿ ಆಯ್ಕೆ ಮಾಡಿ, ಫಾರ್ಮ್ಯಾಟನ್ನು ಟೆಕ್ಸ್ಟ್ ಎಂದು ಬದಲಾಯಿಸಬೇಕು. ಆಮೇಲೆ ಅಂಟಿಸುವಾಗ 'ಮ್ಯಾಚ್ ಡೆಸ್ಟಿನೇಶನ್' ಆಯ್ಕೆ ಒತ್ತಬೇಕು; ಇಲ್ಲದಿದ್ದರೆ ವೆಬ್ ಪುಟದಿಂದ ತಂದ ಪಟ್ಟಿ ತನ್ನ ರೂಪವನ್ನೇ ಹೊತ್ತು ಬಂದು ನೀವು ಮಾಡಿಟ್ಟ ಟೆಕ್ಸ್ಟ್ ಫಾರ್ಮ್ಯಾಟನ್ನು ಅಳಿಸಿಹಾಕಬಹುದು. ಮೊದಲು ಅಂಟಿಸಿ ಆಮೇಲೆ ಟೆಕ್ಸ್ಟ್ ಮಾಡಿದರೆ 45363 ಎಂಬುದೇ ಟೆಕ್ಸ್ಟ್ ಆಗುತ್ತದೆ. ಇಲ್ಲಿ ಕ್ರಮ ಮುಖ್ಯ. ಇಷ್ಟು ಹೊತ್ತು ಫಾರ್ಮ್ಯಾಟನ್ನು ಮೂಲದಿಂದ ಹೊತ್ತು ತರುವ ಮಾತಾಡಿದೆವು. ಇಲ್ಲಿ ನೋಡಿದರೆ ಫಾರ್ಮ್ಯಾಟನ್ನು ಹೋಗುವ ಜಾಗದಲ್ಲಿ ಮೊದಲೇ ಸಿದ್ಧ ಮಾಡಿಡಬೇಕು. ಎರಡರ ಉದ್ದೇಶ ಒಂದೇ, ದಾರಿ ತಿರುಗುಮುರುಗು.

— ಒಂದೇ ಕಾಪಿ, ವರ್ಡ್‌ನಲ್ಲಿ ಅಂಟಿಸಿದರೆ ಗೆರೆ ಸಮೇತ ಬರುತ್ತೆ, ವಾಟ್ಸಾಪಿನಲ್ಲಿ ಅಂಟಿಸಿದರೆ ಬರೀ ಅಕ್ಷರ ಉದುರುತ್ತೆ. ಇದ್ಯಾಕೆ?

— ಕಾಪಿ ಒತ್ತಿದಾಗ ಎಕ್ಸೆಲ್ ಒಂದೇ ರೂಪ ಇಡುವುದಿಲ್ಲ. ತನ್ನದೇ ಸ್ವಂತ ರೂಪ, ವೆಬ್ ಪುಟದ ರೂಪ, ಬರೀ ಅಕ್ಷರಗಳ ರೂಪ, ಚಿತ್ರದ ರೂಪ, ಹೀಗೆ ಹಲವನ್ನು ಒಟ್ಟಿಗೆ ಕ್ಲಿಪ್‌ಬೋರ್ಡಿನಲ್ಲಿ ಇಡುತ್ತದೆ. ತೆಗೆದುಕೊಳ್ಳುವ ತಂತ್ರಾಂಶ ತನಗೆ ತಿಳಿದದ್ದನ್ನು ಆರಿಸಿಕೊಳ್ಳುತ್ತದೆ. ಇನ್ನೊಂದು ಎಕ್ಸೆಲ್ ಶೀಟು ಸ್ವಂತ ರೂಪವನ್ನು, ವರ್ಡ್ ಗೆರೆ-ಬಣ್ಣ ಇರುವ ರೂಪವನ್ನು, ವಾಟ್ಸಾಪು ಸಾಮಾನ್ಯವಾಗಿ ಬರೀ ಅಕ್ಷರವನ್ನು. ಇದರಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಬರೀ ಅಕ್ಷರದ ರೂಪದಲ್ಲಿ ಹೋಗುವುದು ಸೆಲ್ಲಿನ ಒಳಗಿರುವುದಲ್ಲ, ಪರದೆಯ ಮೇಲೆ ಕಾಣುತ್ತಿರುವುದು. ಒಳಗೆ ಹಾಲಿನ ಫ್ಯಾಟು 3.85 ಇದ್ದು ಒಂದೇ ದಶಮಾಂಶ ತೋರಿಸುವಂತಿದ್ದರೆ 3.9 ಹೋಗುತ್ತದೆ. ವ್ಯಾಲ್ಯೂಸ್ ಅಂಟಿಸಿದಾಗ ತೋರಿಕೆ ಬಿದ್ದು ಒಳಗಿನದು ಹೋಗುತ್ತದೆ. ವಾಟ್ಸಾಪಿಗೆ ಅಂಟಿಸಿದಾಗ ಒಳಗಿನದು ಬಿದ್ದು ತೋರಿಕೆ ಹೋಗುತ್ತದೆ. 'ಅಂಕಿ ಬಂದರೆ ಸಾಕು' ಎಂದಿರಲ್ಲ, ಯಾವ ಅಂಕಿ ಎಂದು ಕೇಳಬೇಕಾಗುವುದು ಇದಕ್ಕೇ.

— ಬ್ಯಾಂಕ್ ಅಕೌಂಟ್ ನಂಬರಿಗೆ ಈ ಪಾಡು ಬಂದರೆ ದುಡ್ಡೇ ಹೋಗುತ್ತದಲ್ಲ.

— ಅಲ್ಲಿ ಎರಡು ಬೇರೆ ಬೇರೆ ಅಪಾಯಗಳಿವೆ, ಒಂದೇ ಮುಖವಾಡದಲ್ಲಿ ಬರುತ್ತವೆ. ಸಾಮಾನ್ಯ ಸೆಲ್ಲಿನಲ್ಲಿ 11 ಅಂಕಿಗಿಂತ ಉದ್ದದ ಸಂಖ್ಯೆ ಹೊಡೆದರೆ ಎಕ್ಸೆಲ್ ಅದನ್ನು 1.23457ಇ+11 ಎಂಬಂತೆ ಕುಗ್ಗಿಸಿ ತೋರಿಸುತ್ತದೆ. ಆಧಾರ್ ಸಂಖ್ಯೆ ಸರಿಯಾಗಿ 12 ಅಂಕಿ, ಆದ್ದರಿಂದ ಸಿಕ್ಕಿಬೀಳುತ್ತದೆ. (ಆಧಾರ್ ಸಂಖ್ಯೆಗಳ ಪಟ್ಟಿಯನ್ನು ಹೀಗೆ ಊರೆಲ್ಲ ಹಂಚುವುದೇ ತಪ್ಪು, ಆ ಜಗಳ ಬೇರೆ.) ಇಲ್ಲಿ ಒಳಗಿನ ಸಂಖ್ಯೆ ಇನ್ನೂ ಪೂರ್ತಿಯಿದೆ, ಫಾರ್ಮ್ಯಾಟ್ ಬದಲಿಸಿದರೆ ವಾಪಸು ಕಾಣುತ್ತದೆ, ಆದರೆ ಕುಗ್ಗಿದ ಸ್ಥಿತಿಯಲ್ಲೇ ವಾಟ್ಸಾಪಿಗೆ ಕಾಪಿ ಮಾಡಿದರೆ ಕುಗ್ಗಿದ್ದೇ ಹೋಗುತ್ತದೆ, ಪಡೆದವರಿಗೆ ಉಳಿದ ಅಂಕಿಗಳು ಎಂದಿಗೂ ಸಿಕ್ಕುವುದಿಲ್ಲ. 16 ಅಂಕಿಯ ಖಾತೆ ಸಂಖ್ಯೆಯ ಕತೆ ಇನ್ನೂ ಕೆಟ್ಟದ್ದು. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನಿಖರವಾಗಿ ಹಿಡಿಯುತ್ತದೆ, ಹದಿನಾರನೆಯದು ಏನೇ ಇದ್ದರೂ ಸೊನ್ನೆಯಾಗುತ್ತದೆ. ಆಮೇಲೆ ಯಾವ ಫಾರ್ಮ್ಯಾಟ್ ಕೊಟ್ಟರೂ ಬರುವುದಿಲ್ಲ. ಇನ್ನು ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯಾದರೆ ಮುಂದಿನ ಸೊನ್ನೆಗಳೆಲ್ಲ ಉದುರುತ್ತವೆ. ಅದೇ ಸಾಲಿನಲ್ಲಿರುವ ಐಎಫ್‌ಎಸ್‌ಸಿ ಕೋಡ್ ನೋಡಿ: ಮೊದಲ ನಾಲ್ಕು ಅಕ್ಷರ, ಐದನೆಯದು ಸೊನ್ನೆ, ಒಟ್ಟು 11. ಅಕ್ಷರದಿಂದ ಶುರುವಾಗುವುದರಿಂದ, ಮಾರ್ಚ್1ರಂತೆ ತಾರೀಖಾಗಿಯೂ ಕಾಣದಿರುವುದರಿಂದ ಶೀಟು ಅದನ್ನು ಮುಟ್ಟುವುದಿಲ್ಲ. ಸರ್ಕಾರದ ಫ್ರೂಟ್ಸ್ ನೋಂದಣಿಯಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆಯೂ ಎಫ್‌ಐಡಿ ಎಂಬ ಅಕ್ಷರಗಳಿಂದಲೇ ಶುರು, ಅದಕ್ಕೂ ಭಯವಿಲ್ಲ. ಇವುಗಳಲ್ಲಿ 'ನಾನು ಕೂಡಿಸುವ ಸಂಖ್ಯೆಯಲ್ಲ, ಗುರುತು' ಎಂಬ ಸೂಚನೆ ಒಳಗೇ ಇದೆ. ಖಾತೆ ಸಂಖ್ಯೆಯಲ್ಲಿ ಅದಿಲ್ಲ, ಟೆಕ್ಸ್ಟ್ ಫಾರ್ಮ್ಯಾಟ್ ಮೂಲಕ ನಾವು ಹೊರಗಿನಿಂದ ಹೇಳಬೇಕಾಗುತ್ತದೆ.

— ನಿನ್ನ ವಾದ ಹಿಡಿದರೆ ಫಾರ್ಮ್ಯಾಟನ್ನ ನಂಬಲೇಬಾರದು ಅಂದಂತಾಯಿತು. ಹಾಗಾದರೆ ಬಣ್ಣ ಯಾಕಿದೆ? ಬಾಕಿ ಇರೋರಿಗೆ ಹಳದಿ, ವ್ಯಾಜ್ಯ ಇರೋ ಜಮೀನಿಗೆ ಕೆಂಪು ಹಾಕಿಟ್ಟರೆ ಒಂದೇ ನೋಟಕ್ಕೆ ತಿಳಿಯುತ್ತೆ. ಹಳೇ ಲೆಡ್ಜರಿನಲ್ಲೂ ಕೆಂಪು ಶಾಯಿ ಇತ್ತು ಕಣಮ್ಮ.

— ಇತ್ತು, ನಿಜ. ಅದರ ನಕಲು ತೆಗೆಯುತ್ತಿದ್ದವರು ಗುಮಾಸ್ತರು. ಮೂಲದಲ್ಲಿ ಕೆಂಪು ಕಂಡರೆ ಯಾಕೆ ಕೆಂಪು ಎಂದು ಅವರಿಗೆ ಗೊತ್ತಿರುತ್ತಿತ್ತು, ಗೊತ್ತಿಲ್ಲದಿದ್ದರೆ ಕೇಳುತ್ತಿದ್ದರು, ನಕಲಿನಲ್ಲೂ ಕೆಂಪಿನಲ್ಲೇ ಬರೆಯುತ್ತಿದ್ದರು. ಅಷ್ಟಾದರೂ ಆ ಲೆಡ್ಜರುಗಳಲ್ಲಿ ಷರಾ ಎಂಬ ಕಾಲಂ ಇರುತ್ತಿತ್ತು, 'ದಾವೆ ಇದೆ' ಎಂದು ಅದರಲ್ಲಿ ಬಾಯಿಬಿಟ್ಟು ಬರೆಯುತ್ತಿದ್ದರು. ಶಾಯಿ ಕಣ್ಣಿಗೆ, ಷರಾ ದಾಖಲೆಗೆ. ನಾವು ಷರಾ ಕಾಲಂ ತೆಗೆದುಹಾಕಿ ಬಣ್ಣ ಮಾತ್ರ ಉಳಿಸಿಕೊಂಡಿದ್ದೇವೆ, ಜೊತೆಗೆ ನಕಲು ತೆಗೆಯುವ ಕೆಲಸವನ್ನು ಏನೂ ಕೇಳದ ಯಂತ್ರಕ್ಕೆ ಕೊಟ್ಟಿದ್ದೇವೆ. ಸಿಎಸ್‌ವಿ ಫೈಲು ಮಾಡಿದ ತಕ್ಷಣ ಬಣ್ಣವೆಲ್ಲ ಹೋಯಿತು. ವ್ಯಾಜ್ಯದ ಜಮೀನೂ ಸ್ವಚ್ಛ ಜಮೀನೂ ಒಂದೇ. ಬಣ್ಣ ಬೇಡ ಎಂದು ನಾನು ಹೇಳುತ್ತಿಲ್ಲ. ಷರಾ ಕಾಲಮ್ಮಿನಲ್ಲಿ 'ವ್ಯಾಜ್ಯ' ಎಂದು ಬರೆದು, ಆ ಮಾತಿದ್ದರೆ ಸಾಲು ಕೆಂಪಾಗಲಿ ಎಂದು ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ. ಕಾಪಿಯಲ್ಲಿ ಬಣ್ಣ ಹೋದರೂ ಮಾತು ಉಳಿಯುತ್ತದೆ, ಮಾತಿದ್ದರೆ ಬಣ್ಣವನ್ನು ಒಂದು ನಿಮಿಷದಲ್ಲಿ ಮತ್ತೆ ಹಾಕಬಹುದು. ಬಣ್ಣದಿಂದ ಮಾತನ್ನು ವಾಪಸು ಪಡೆಯಲು ಆಗುವುದಿಲ್ಲ.

— ಮರ್ಜ್ ಮಾಡಿದ ಸೆಲ್ಲಿಗೂ ಇದೇ ಪಾಠವಾ?

— ಅದಕ್ಕಂತೂ ನಮ್ಮ ಜಿಲ್ಲೆಯೇ ಉದಾಹರಣೆ. ಮದ್ದೂರು ತಾಲ್ಲೂಕಿನಲ್ಲಿ ಕಸಬಾ, ಕೊಪ್ಪ, ಆತಗೂರು, ಚಿಕ್ಕರಸಿನಕೆರೆ ಹೋಬಳಿಗಳು. ಮಳವಳ್ಳಿಯಲ್ಲಿ ಕಸಬಾ, ಹಲಗೂರು, ಕಿರುಗಾವಲು, ಬಿ.ಜಿ. ಪುರ. ಮಂಡ್ಯದಲ್ಲಿ ಕಸಬಾ, ದುದ್ದ, ಬಸರಾಳು, ಕೆರಗೋಡು, ಕೊತ್ತತ್ತಿ. ಮೂರು ತಾಲ್ಲೂಕಿನ ರೈತರನ್ನೂ ಒಂದೇ ಶೀಟಿನಲ್ಲಿಟ್ಟು, ಎಡಗಡೆ ತಾಲ್ಲೂಕಿನ ಹೆಸರನ್ನು ಸಾಲುಗಳನ್ನೆಲ್ಲ ಮರ್ಜ್ ಮಾಡಿ ನಡುವೆ ದೊಡ್ಡದಾಗಿ ಬರೆದಿದ್ದಾರೆ ಅಂದುಕೊಳ್ಳಿ. ಗೋಡೆಗೆ ಅಂಟಿಸಲು ಚಂದ. ಆದರೆ ಮರ್ಜ್ ಆದ ಸೆಲ್ಲುಗಳಲ್ಲಿ ಹೆಸರು ಇರುವುದು ಮೊದಲ ಸೆಲ್ಲಿನಲ್ಲಿ ಮಾತ್ರ, ಉಳಿದವು ಖಾಲಿ. ವ್ಯಾಲ್ಯೂಸ್ ಮಾತ್ರ ಇನ್ನೊಂದು ಶೀಟಿಗೆ ಒಯ್ದು, ಹೋಬಳಿ ಹೆಸರಿನ ಮೇಲೆ ಸಾರ್ಟ್ ಮಾಡಿ. ಮೂರು ಕಸಬಾಗಳ ಸಾಲುಗಳೂ ಒಂದು ಕಡೆ ಸೇರುತ್ತವೆ, ಹೆಸರು ಕೂತಿದ್ದ ಮೊದಲ ಸಾಲು ಬಿಟ್ಟರೆ ಉಳಿದವು ಯಾವ ತಾಲ್ಲೂಕಿನವು ಎಂದು ಹೇಳುವುದು ಏನೂ ಉಳಿದಿರುವುದಿಲ್ಲ. ಪ್ರತಿ ಸಾಲಿನಲ್ಲೂ ತಾಲ್ಲೂಕಿನ ಹೆಸರು ಬರೆದಿದ್ದರೆ ನೋಡಲು ಬೇಸರ, ಕಳೆದುಹೋಗಲು ಮಾತ್ರ ಆಗುವುದಿಲ್ಲ.

— ಬೇಸರ ಅಂದೆಯಲ್ಲ, ಅಲ್ಲೇ ನನ್ನ ತಕರಾರು. ಮೇಲಿನವರು ಕೇಳುವುದು ನಮೂನೆ. ನಮೂನೆಯಲ್ಲಿ ಮರ್ಜ್ ಆದ ತಲೆಬರಹ ಇರಲೇಬೇಕು, ಎಕರೆ-ಗುಂಟೆ ಒಟ್ಟಿಗೆ ಇರಲೇಬೇಕು. ನಿನ್ನ ಹಾಗೆ ಬಿಡಿ ಬಿಡಿ ಮಾಡಿಟ್ಟವನು ಆಮೇಲೆ ನಮೂನೆಗೆ ಮತ್ತೆ ಜೋಡಿಸಬೇಕು. ಎರಡರಷ್ಟು ಕೆಲಸ. ಸಂಜೆ ಐದಕ್ಕೆ ಪಟ್ಟಿ ಕಳಿಸಿ ಅಂದರೆ ಯಾರಿಗಿದೆ ಪುರುಸೊತ್ತು? ಅದಕ್ಕೇ ಪಿಡಿಎಫ್ ಮಾಡಿ ಕಳಿಸ್ತಾರೆ. ಒಂದು ಚುಕ್ಕಿ ಆಚೀಚೆ ಆಗಲ್ಲ.

— ಈ ಆಕ್ಷೇಪಣೆ ಹಗುರದ್ದಲ್ಲ, ಮೇಷ್ಟ್ರೇ. ಮೊದಲ ಸಲ ಎರಡರಷ್ಟು ಕೆಲಸವೇ. ಆದರೆ ಪಟ್ಟಿ ಒಂದೇ ಸಲ ಕೇಳುವುದಿಲ್ಲವಲ್ಲ; ಅದೇ ರೈತರು, ಅದೇ ಸರ್ವೆ ನಂಬರು, ನಮೂನೆ ಮಾತ್ರ ಬೇರೆ ಬೇರೆ. ಒಂದು ಶೀಟಿನಲ್ಲಿ ಬಿಡಿ ಕಾಲಮ್ಮಿನ ದತ್ತಾಂಶ, ಪಕ್ಕದ ಶೀಟಿನಲ್ಲಿ ನಮೂನೆ. ನಮೂನೆಯ ಸೆಲ್ಲು ಸೂತ್ರದಿಂದ ಸರ್ವೆ ನಂಬರು, ಗೆರೆ, ಹಿಸ್ಸಾ ಜೋಡಿಸಿಕೊಳ್ಳುತ್ತದೆ. ಹಾಗೆ ಜೋಡಿಸಿ ಬಂದ 12/3 ಟೆಕ್ಸ್ಟ್ ಆಗಿರುವುದರಿಂದ ತಾರೀಖಾಗಿ ತಿರುಗುವುದಿಲ್ಲ. ಪಿಡಿಎಫ್ ಬಗ್ಗೆ ಹೇಳುವುದಾದರೆ, ಓದಿ ಸಹಿ ಹಾಕುವವರಿಗೆ ಅದು ಸರಿ. ಆ ಪಟ್ಟಿಯಿಂದ ಮುಂದೆ ಲೆಕ್ಕ ಮಾಡಬೇಕಾದವರು ಪಿಡಿಎಫ್‌ನಿಂದ ಮತ್ತೆ ಕಾಪಿ ಮಾಡಿ ಶೀಟಿಗೆ ಅಂಟಿಸುತ್ತಾರೆ, ಅಥವಾ ಕೈಯಲ್ಲಿ ಹೊಡೆಯುತ್ತಾರೆ. ಅಲ್ಲಿಗೆ ಮಾರ್ಚ್ ತಿಂಗಳು ಮತ್ತೆ ಬಂತು. ಪಿಡಿಎಫ್ ತೊಂದರೆಯನ್ನು ಒಂದು ಮೇಜಿನಿಂದ ಮುಂದಿನ ಮೇಜಿಗೆ ದಾಟಿಸುತ್ತದೆ. ಸಂಜೆ ಐದರ ಗಡುವಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಗಡುವು ಹಾಕುವವರೇ ನಮೂನೆಯ ಜೊತೆ ಸರಿಯಾಗಿ ಕಾಲಂ ಮಾಡಿದ ಖಾಲಿ ಶೀಟೊಂದನ್ನೂ ಕಳಿಸಿದರೆ ಕೆಳಗಿನ ನೂರು ಜನರ ಕೆಲಸ ಉಳಿಯುತ್ತದೆ.

— ಸರಿ. ಈಗ ಕನ್ನಡಕ್ಕೆ ಬಾ. ನುಡಿ ತಂತ್ರಾಂಶದಲ್ಲಿ ಹೊಡೆದ ಹಳೇ ಶೀಟುಗಳು ಎಲ್ಲ ಆಫೀಸಿನಲ್ಲೂ ರಾಶಿ ಬಿದ್ದಿವೆ. ಹೆಸರು, ಊರು, ತಂದೆ ಹೆಸರು ಎಲ್ಲ ಕನ್ನಡದಲ್ಲಿ. ಅದನ್ನ ಮೊಬೈಲಿಗೆ ಕಾಪಿ ಮಾಡಿದರೆ ರೋಮನ್ ಅಕ್ಷರದ ಮೇಲೆ ಕೊಂಬು, ಚುಕ್ಕಿ, ಟೊಪ್ಪಿ. ಅಲ್ಲಿ ಅರ್ಥ ಒಳಗಿಲ್ಲ ಅಂತೀಯಾ?

— ಇಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ 2001ರ ವಿಂಡೋಸ್ ಎಕ್ಸ್‌ಪಿ ತುಂಗ ಫಾಂಟ್ ಹೊತ್ತು ಬರುವವರೆಗೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅದರಿಂದ ಪ್ರಯೋಜನವಾಗಿರಲಿಲ್ಲ. ಆ ನಡುವೆ ಶೇಷಾದ್ರಿ ವಾಸು ಅವರ ಬರಹ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಕಚೇರಿಗಳ ಕಂಪ್ಯೂಟರಿಗೆ ಕನ್ನಡ ಬಂದದ್ದು ಬಹುಮಟ್ಟಿಗೆ ಅವುಗಳಿಂದ. ಅವುಗಳ ಹಳೆಯ ಫಾಂಟುಗಳಲ್ಲಿ ಸೆಲ್ಲಿನ ಒಳಗಿರುವುದು ರೋಮನ್ ಸಂಕೇತಗಳು. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟು, ಫಾಂಟು ಅನ್ನುವುದು ಫಾರ್ಮ್ಯಾಟ್. 'ಮಂಡ್ಯ' ಎಂಬ ಹೆಸರು ಕನ್ನಡ ಎಂದು ಹೇಳುವ ಏಕೈಕ ಸಾಕ್ಷಿ ಆ ಸೆಲ್ಲಿನ ಫಾಂಟಿನ ಹೆಸರು. ವ್ಯಾಲ್ಯೂಸ್ ಮಾತ್ರ ಅಂಟಿಸಿದರೆ ಆ ಸಾಕ್ಷಿ ಹೋಯಿತು. ಫಾಂಟಿನ ಹೆಸರನ್ನು ಜೋಪಾನವಾಗಿ ಒಯ್ದರೂ ಆ ಕಡೆಯ ಯಂತ್ರದಲ್ಲಿ ಆ ಫಾಂಟ್ ಇರದಿದ್ದರೆ ಕನ್ನಡ ಕಾಣುವುದಿಲ್ಲ. ಮೊಬೈಲಿನಲ್ಲಿ, ಗೂಗಲ್ ಶೀಟಿನಲ್ಲಿ ಇರುವುದೂ ಇಲ್ಲ. ಸಾರ್ಟ್ ಮಾಡಿದರೆ ಅಕಾರಾದಿ ಬರುವುದಿಲ್ಲ, ರೋಮನ್ ಸಂಕೇತಗಳ ಕ್ರಮ ಬರುತ್ತದೆ. ಹಲಗೂರು ಎಂದು ಯೂನಿಕೋಡಿನಲ್ಲಿ ಹೊಡೆದು ಹುಡುಕಿದರೆ ಸಿಕ್ಕುವುದಿಲ್ಲ.

— ಪರಿವರ್ತಕ ತಂತ್ರಾಂಶಗಳು ಇವೆಯಲ್ಲ. ಎಲ್ಲ ಆಯ್ಕೆ ಮಾಡಿ ಯೂನಿಕೋಡಿಗೆ ತಿರುಗಿಸಿದರಾಯಿತು.

— ಎಲ್ಲ ಆಯ್ಕೆ ಮಾಡಿದರೆ ಅಲ್ಲೇ ಕೆಡುತ್ತದೆ. ಅದೇ ಶೀಟಿನಲ್ಲಿ ಬ್ಯಾಂಕಿನ ಹೆಸರು, ಐಎಫ್‌ಎಸ್‌ಸಿ ಕೋಡು ನಿಜವಾದ ಇಂಗ್ಲಿಷಿನಲ್ಲಿರುತ್ತವೆ. ಪರಿವರ್ತಕಕ್ಕೆ ಬರೀ ಅಕ್ಷರ ಕೊಟ್ಟರೆ ಅದಕ್ಕೆ ಎರಡೂ ರೋಮನ್ನೇ, ಎರಡನ್ನೂ ಕನ್ನಡ ಮಾಡಲು ಹೋಗಿ ಕೋಡನ್ನು ಹಾಳು ಮಾಡುತ್ತದೆ. ಯಾವ ಸೆಲ್ಲು ನುಡಿ ಫಾಂಟಿನಲ್ಲಿದೆ, ಯಾವುದು ಏರಿಯಲ್‌ನಲ್ಲಿದೆ ಎಂದು ನೋಡಿ, ನುಡಿಯದನ್ನು ಮಾತ್ರ ತಿರುಗಿಸಬೇಕು. ಆದ್ದರಿಂದ ಈ ಹಳೆಯ ಶೀಟುಗಳ ಮಟ್ಟಿಗೆ ಫಾರ್ಮ್ಯಾಟನ್ನು ಒಂದು ಎಳೆಯೂ ಬಿಡದೆ ಕಾಪಾಡಬೇಕು, ಯೂನಿಕೋಡಿಗೆ ತಿರುಗಿಸುವವರೆಗೆ. ತಿರುಗಿಸಿದ ಮೇಲೆ ಅದರ ಕೆಲಸ ಮುಗಿಯಿತು. ಯಾರಾದರೂ ನಡುವೆ ಒಮ್ಮೆ ವ್ಯಾಲ್ಯೂಸ್ ಮಾತ್ರ ಅಂಟಿಸಿ ಮೂಲ ಫೈಲನ್ನು ಅಳಿಸಿದ್ದರೆ, ಪ್ರತಿ ಸೆಲ್ಲನ್ನೂ ಮನುಷ್ಯರೇ ಕೂತು ನೋಡಬೇಕು.

— ಇಷ್ಟೆಲ್ಲ ಮಾಡಿದ ಮೇಲೂ ಸರಿಯಾಗಿ ಬಂದಿದೆ ಅಂತ ಹೇಗೆ ನಂಬೋದು? ಒಟ್ಟು ವಿಸ್ತೀರ್ಣ ತಾಳೆಯಾದರೆ ಸಾಕಾ?

— ಸಾಲದು. ಇಬ್ಬರ ಹಿಸ್ಸಾ ಅದಲುಬದಲಾಗಿದ್ದರೂ ಒಟ್ಟು ಗುಂಟೆ ತಾಳೆಯಾಗುತ್ತದೆ. ಸಾಲುಗಳ ಲೆಕ್ಕ ಹಾಕಿ, ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಸೇರಿಸಿ ಒಟ್ಟು ನೋಡಿ, ಖಾತೆ ಸಂಖ್ಯೆಯ ಉದ್ದವನ್ನು ಲೆನ್ ಸೂತ್ರದಿಂದ ಎಣಿಸಿ. ಅದಾದ ಮೇಲೆ ಮೂಲದ ಸಾಲನ್ನೂ ನಕಲಿನ ಸಾಲನ್ನೂ ಅಕ್ಕಪಕ್ಕ ಇಟ್ಟು ಎಕ್ಸಾಕ್ಟ್ ಸೂತ್ರದಿಂದ ಒಂದೊಂದು ಸೆಲ್ಲನ್ನೂ ಹೋಲಿಸಿ. ಮೂಲ ಶೀಟಿನಲ್ಲೇ 12/3 ತಾರೀಖಾಗಿ ಕೂತಿದ್ದರೆ ಮಾತ್ರ ಇದಾವುದೂ ಹಿಡಿಯುವುದಿಲ್ಲ, ಎರಡು ಕಡೆಯೂ ಒಂದೇ 45363 ಇರುತ್ತದಲ್ಲ. ಅದಕ್ಕೆ ಪಹಣಿಯನ್ನೇ ತೆಗೆದು ನೋಡಬೇಕು.